ಯಂತ್ರವು ನಮ್ಮನ್ನು ಗುರುತಿಸುವ ಬಗೆ

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕವನ್ನಾಗಲಿ, ಅದೇ ಕಥೆಯನ್ನು ಹಿಡಿದು ಕೆಂಪುನಾರಾಯಣನು ೧೮೨೩ರಲ್ಲಿ ಕನ್ನಡ ಗದ್ಯದಲ್ಲಿ ಬರೆದ ‘ಮುದ್ರಾಮಂಜೂಷ’ವನ್ನಾಗಲಿ ಓದಿದವರಿಗೆ ಒಂದು ಉಂಗುರದ ಸಂಗತಿ ನೆನಪಿರುತ್ತದೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕುತ್ತದೆ. ನಾಟಕದಲ್ಲಿ ಆ ಮುದ್ರೆಯನ್ನೊತ್ತಿದ ಒಂದು ಓಲೆ ಸಿದ್ಧವಾಗಿ, ಮುಂದೆ ಅದು ಮಲಯಕೇತುವಿನ ಕಣ್ಣಿಗೆ ಬೀಳುತ್ತದೆ. ಮುದ್ರೆ ನಿಜವಾದುದೇ. ಉಂಗುರವೂ ನಿಜವಾದುದೇ. ಓಲೆಯನ್ನು ಕಳುಹಿಸಿದವನು ಮಾತ್ರ ಬೇರೆ. ಮಲಯಕೇತುವು ಮುದ್ರೆಯನ್ನು ನೋಡಿ ಮನುಷ್ಯನನ್ನು ನಂಬಿದ; ತನ್ನ ಪಕ್ಷದವನನ್ನೇ ಕಳೆದುಕೊಂಡ.

ಇಂದು ಕಂಪ್ಯೂಟರಿನ ಎದುರಿಗೆ ಅಥವಾ ಕೈಯಲ್ಲಿರುವ ಮೊಬೈಲಿನ ಎದುರಿಗೆ ನಾವು ನಿಂತಾಗ ನಡೆಯುವುದೂ ಇದೇ ವ್ಯವಹಾರ. ಪಹಣಿ ಬೇಕು, ವೃದ್ಧಾಪ್ಯ ವೇತನದ ವಿವರ ಬೇಕು, ಗೃಹಲಕ್ಷ್ಮಿಯ ಹಣ ಬಂದಿತೆ ನೋಡಬೇಕು, ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ಯಾವುದಕ್ಕೆ ಹೋದರೂ ಮೊದಲು ಅದು ಕೇಳುವ ಪ್ರಶ್ನೆ, ನೀನು ಯಾರು ಎಂಬುದು. ಅದಕ್ಕೆ ಕಣ್ಣಿಲ್ಲ; ನೀವು ಇಂಥವರ ಮಗ, ಇಂಥ ಬೀದಿಯವರು ಎಂದು ಹೇಳಿಕೊಡುವ ನೆರೆಯವರೂ ಅದಕ್ಕಿಲ್ಲ. ಮುದ್ರೆಯೊಂದೇ ಅದಕ್ಕೆ ಆಧಾರ. ಈ ಮುದ್ರೆಯನ್ನು ಪರಿಶೀಲಿಸುವ ಕೆಲಸವನ್ನು ದೃಢೀಕರಣವೆನ್ನುತ್ತಾರೆ. ಆ ಕೆಲಸವು ಸರಿಯಾಗಿ ನಡೆಯುವುದೋ ಇಲ್ಲವೋ ಎಂದು ಜಾಲತಾಣವನ್ನು ಜನರ ಕೈಗೆ ಕೊಡುವ ಮೊದಲೇ ಒರೆಗೆ ಹಚ್ಚಿ ನೋಡುವುದು ಪರೀಕ್ಷೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಓದಿ ಬೆಂಗಳೂರಿಗೆ ಹೋಗಿರುವ ಮಕ್ಕಳಲ್ಲಿ ಎಷ್ಟೋ ಮಂದಿಯ ಜೀವನೋಪಾಯ ಈ ಎರಡು ಕೆಲಸಗಳೇ. ರಜಕ್ಕೆ ಊರಿಗೆ ಬಂದಾಗ ‘ಏನು ಕೆಲಸ ಮಾಡುತ್ತೀಯಪ್ಪ?’ ಎಂದು ಕೇಳಿದರೆ ‘ಸಾಫ್ಟ್‌ವೇರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅವರು ಸುಮ್ಮನಾದ ಕಡೆಯಿಂದ ನಾನು ಆರಂಭಿಸುತ್ತೇನೆ.

ಮನುಷ್ಯನನ್ನು ಗುರುತಿಸಲು ಯಂತ್ರಕ್ಕಿರುವ ದಾರಿಗಳು ಮೂರು: ಅವನೊಬ್ಬನೇ ಬಲ್ಲ ಮಾತು, ಅವನೊಬ್ಬನ ಬಳಿ ಇರುವ ವಸ್ತು, ಅವನ ಮೈಮೇಲಿನ ಗುರುತು. ಪಾಸ್‌ವರ್ಡು ಮೊದಲನೆಯದು. ಮೊಬೈಲಿಗೆ ಬರುವ ಓಟಿಪಿ ಎರಡನೆಯದು, ಏಕೆಂದರೆ ಅದು ನಿಮ್ಮ ಸಿಮ್ಮು ನಿಮ್ಮ ಬಳಿಯೇ ಇದೆ ಎಂಬುದನ್ನು ತೋರಿಸುತ್ತದೆ. ಬೆರಳಚ್ಚು ಮೂರನೆಯದು.

ಪಾಸ್‌ವರ್ಡಿನ ಕಥೆ ನಮ್ಮಲ್ಲಿ ಹಲವರ ವಯಸ್ಸಿನಷ್ಟೇ ಹಳೆಯದು. ೧೯೬೧ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರ ತಂಡದವರು ಒಂದೇ ಕಂಪ್ಯೂಟರನ್ನು ಅನೇಕರು ಹಂಚಿಕೊಂಡು ಬಳಸುವ ಏರ್ಪಾಡು ಮಾಡಿದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಕ್ಕಬಾರದೆಂದು ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಮಾತು ಕೊಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ವಿದ್ಯಾರ್ಥಿಯು, ತನಗೆ ಕೊಟ್ಟ ಯಂತ್ರದ ವೇಳೆ ಸಾಲದೆಂದು, ಗುಟ್ಟಿನ ಮಾತುಗಳ ಪಟ್ಟಿಯನ್ನೇ ಅಚ್ಚು ಮಾಡಿಸಿಕೊಂಡು ಇತರರ ಹೆಸರಿನಲ್ಲಿ ಒಳಗೆ ಹೋಗತೊಡಗಿದ. ೧೯೬೬ರಲ್ಲಿ ಎರಡು ಕಡತಗಳು ಅದಲುಬದಲಾಗಿ, ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ಅಂದಿನ ಪ್ರಕಟಣೆಗೆ ಬದಲಾಗಿ ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿಕೊಂಡುವು. ಗುಟ್ಟನ್ನು ಗುಟ್ಟಾಗಿಯೇ ಬರೆದಿಟ್ಟರೆ ಒಂದು ದಿನ ಅದು ಬಯಲಾಗತಕ್ಕದ್ದೇ ಎಂದು ಬಲ್ಲವರಿಗೆ ಆಗ ತಿಳಿಯಿತು.

ಅದಕ್ಕೆ ಕಂಡುಕೊಂಡ ಉಪಾಯ ನಮ್ಮ ಬೀಸುವ ಕಲ್ಲಿನ ರೀತಿಯದು. ರಾಗಿಯನ್ನು ಹಾಕಿ ಬೀಸಿದರೆ ಹಿಟ್ಟು ಬರುತ್ತದೆ. ಹಿಟ್ಟಿನಿಂದ ಮತ್ತೆ ರಾಗಿಕಾಳು ಮಾಡಲು ಯಾರಿಂದಲೂ ಆಗದು. ನೀವು ಕೊಟ್ಟ ಪಾಸ್‌ವರ್ಡನ್ನು ಜಾಲತಾಣವು ಒಂದು ಗಣಿತದ ಕಲ್ಲಿನಲ್ಲಿ ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮರುದಿನ ನೀವು ಬಂದು ಅದೇ ಮಾತು ಹೇಳಿದರೆ ಅದನ್ನೂ ಬೀಸಿ ಎರಡು ಹಿಟ್ಟನ್ನೂ ಹೋಲಿಸುತ್ತದೆ. ಕಳ್ಳನು ಕಡತವನ್ನು ಹೊತ್ತುಕೊಂಡು ಹೋದರೂ ಅವನಿಗೆ ಸಿಕ್ಕುವುದು ಹಿಟ್ಟು. ಇಲ್ಲಿಯೂ ಒಂದು ತೊಡಕುಂಟು. ಹತ್ತು ಮಂದಿ ಒಂದೇ ಪಾಸ್‌ವರ್ಡು ಇಟ್ಟುಕೊಂಡಿದ್ದರೆ ಹತ್ತು ಹಿಟ್ಟೂ ಒಂದೇ ಆಗುತ್ತವೆ; ಒಬ್ಬನದು ತಿಳಿದರೆ ಹತ್ತು ಮಂದಿಯದೂ ತಿಳಿಯಿತು. ಆದುದರಿಂದ ಬೀಸುವ ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆಯಾದ ಒಂದು ಚಿಟಿಕೆ ಪದಾರ್ಥವನ್ನು ಬೆರೆಸುತ್ತಾರೆ. ೧೯೭೯ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬವರು ಇದನ್ನು ವಿವರಿಸಿ ಬರೆದರು. ಅವರು ಆ ಚಿಟಿಕೆಗೆ ಕೊಟ್ಟ ಹೆಸರು ಉಪ್ಪು ಎಂದೇ! ಅಡುಗೆಮನೆಯ ಭಾಷೆ ಎಲ್ಲಿಯವರೆಗೆ ಹೋಗಿದೆ ನೋಡಿ.

ಇದರಿಂದ ಮನೆಯವರಿಗೂ ಒಂದು ಪರೀಕ್ಷೆ ದೊರೆಯಿತು. ಪಾಸ್‌ವರ್ಡು ಮರೆತೆನೆಂದು ನೀವು ಹೇಳಿದಾಗ, ಜಾಲತಾಣವು ಹೊಸದನ್ನು ಇಟ್ಟುಕೊಳ್ಳಿರಿ ಎಂದರೆ ಅದು ಸರಿಯಾದ ಕ್ರಮ. ‘ನಿಮ್ಮ ಹಳೆಯ ಪಾಸ್‌ವರ್ಡು ಇದು’ ಎಂದು ಬರೆದು ಕಳುಹಿಸಿದರೆ, ಅಲ್ಲಿ ರಾಗಿಯನ್ನು ಬೀಸದೆ ಕಾಳಾಗಿಯೇ ಇಟ್ಟಿದ್ದಾರೆಂದು ತಿಳಿಯತಕ್ಕದ್ದು. ಅಂಥ ತಾಣಕ್ಕೆ ಕೊಟ್ಟ ಪಾಸ್‌ವರ್ಡನ್ನು ಬ್ಯಾಂಕಿಗೆ ಕೊಡಬಾರದು.

ಇನ್ನು ಓಟಿಪಿ. ಇಂಟರ್‌ನೆಟ್ಟಿನ ಮೂಲಕ ಕಾರ್ಡಿನಿಂದ ಹಣ ಕೊಡುವಾಗ ಕಾರ್ಡಿನ ಮೇಲಿನ ಅಂಕಿಗಳಷ್ಟೇ ಸಾಲದು, ಇನ್ನೊಂದು ಗುರುತೂ ಬೇಕೆಂದು ರಿಸರ್ವ್ ಬ್ಯಾಂಕು ೨೦೦೯ರಲ್ಲಿ ಕಟ್ಟುಮಾಡಿತು. ಅಲ್ಲಿಂದ ಈಚೆಗೆ ಇದು ಹಳ್ಳಿಹಳ್ಳಿಗೂ ಬಂದ ಮಾತು. ಆರು ಅಂಕಿಗಳ ಓಟಿಪಿಯಲ್ಲಿ ಹತ್ತು ಲಕ್ಷ ಸಾಧ್ಯತೆಗಳಿವೆ. ಮನುಷ್ಯನು ಒಂದೊಂದಾಗಿ ಹಾಕಿ ನೋಡಿದರೆ ವರ್ಷವಾದರೂ ಬೇಕು. ಯಂತ್ರಕ್ಕೆ ಯಾರೂ ಅಡ್ಡಿಮಾಡದಿದ್ದರೆ ಬಹು ಬೇಗ ಮುಗಿಯುತ್ತದೆ. ಆದ್ದರಿಂದ ನಾಲ್ಕೈದು ತಪ್ಪಾದೊಡನೆ ಬಾಗಿಲು ಮುಚ್ಚತಕ್ಕದ್ದು, ಕೆಲವು ನಿಮಿಷಗಳಲ್ಲಿ ಅಂಕಿಯ ಆಯುಸ್ಸು ತೀರತಕ್ಕದ್ದು.

ಇದನ್ನು ಪರೀಕ್ಷಿಸುವುದು ಹೇಗೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಕೆಲಸದಲ್ಲಿದ್ದಾನೆ. ಅವನು ಹೇಳಿದ್ದು: ‘ಸಾರ್, ದಿನಕ್ಕೆ ನೂರಾರು ಸಲ ಪರೀಕ್ಷೆ ಓಡುತ್ತದೆ. ಪ್ರತಿಸಲವೂ ನಿಜವಾದ ಮೊಬೈಲಿಗೆ ಸಂದೇಶ ಕಳುಹಿಸಿ, ಯಾರೋ ಅದನ್ನು ಓದಿ ಹಾಕುವುದು ಆಗದ ಮಾತು. ಅದಕ್ಕೇ ಪರೀಕ್ಷೆಯ ಯಂತ್ರದಲ್ಲಿ ಒಂದರಿಂದ ಆರರವರೆಗೆ ಒತ್ತಿದರೆ ಸಾಕು, ಒಳಗೆ ಬಿಡು ಎಂದು ಬರೆದಿಡುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಕೇಳಬೇಕೆ? ಊರಿನ ಎಲ್ಲ ಮನೆಗೂ ಒಂದೇ ಬೀಗದಕೈ.’ ಹಾಗಾದರೆ ಪರಿಹಾರವೇನೆಂದು ಕೇಳಿದೆ. ನಿಜವಾದ ತಾಣದ ಬರೆವಣಿಗೆಯಲ್ಲಿ ಅಂಥ ಬೀಗದಕೈ ಇರಲೇಕೂಡದು. ಸಂದೇಶ ಕಳುಹಿಸುವ ಭಾಗಕ್ಕೆ ಬದಲಾಗಿ ಒಂದು ಗೊಂಬೆಯನ್ನು ನಿಲ್ಲಿಸಬೇಕು. ಓಟಿಪಿ ಎಂದಿನಂತೆಯೇ ಹುಟ್ಟಿ ಗೊಂಬೆಯ ಕೈಗೆ ಬರುತ್ತದೆ, ಪರೀಕ್ಷೆಯು ಅದರ ಕೈಯಿಂದ ಓದಿಕೊಳ್ಳುತ್ತದೆ ಎಂದ. ಆಯುಸ್ಸಿನ ಪರೀಕ್ಷೆಗೂ ಇದೇ ಯುಕ್ತಿ. ಹತ್ತು ನಿಮಿಷ ಕಾಯುತ್ತ ಕೂರುವ ಬದಲು, ಬರೆವಣಿಗೆಗೆ ಒಂದು ಸುಳ್ಳು ಗಡಿಯಾರವನ್ನು ಕೊಟ್ಟು ಮುಳ್ಳನ್ನು ಹನ್ನೊಂದು ನಿಮಿಷ ಮುಂದಕ್ಕೆ ತಿರುಗಿಸುತ್ತಾರೆ; ಆಗಲೂ ಹಳೆಯ ಅಂಕಿಗೆ ಬಾಗಿಲು ತೆರೆದರೆ ತಪ್ಪು ಸಿಕ್ಕಿತು. ಸಕಲೇಶಪುರದ ಕಡೆ ತೋಟಗಳ ನಡುವೆ ಸಿಗ್ನಲ್ ಸಿಕ್ಕದೆ, ಆಯುಸ್ಸು ತೀರಿದ ಮೇಲೆ ಓಟಿಪಿ ಬಂದು ಮುಟ್ಟುವುದನ್ನು ಬೆಂಗಳೂರಿನಲ್ಲಿ ಕುಳಿತವರು ಕಾಣಬೇಕಾದರೂ ಆ ಸುಳ್ಳು ಗಡಿಯಾರವೇ ಬೇಕು.

ಒಳಗೆ ಹೋದ ಮೇಲಿನ ಸಂಗತಿಯೂ ಕುತೂಹಲಕರವಾದುದೇ. ಜಾಲತಾಣಕ್ಕೆ ಮರೆವು ಹುಟ್ಟುಗುಣ. ನೀವು ಒಂದು ಪುಟವನ್ನು ನೋಡಿ ಇನ್ನೊಂದನ್ನು ಕೇಳುವಷ್ಟರಲ್ಲಿ ನೀವು ಯಾರೆಂಬುದು ಅದಕ್ಕೆ ಮರೆತಿರುತ್ತದೆ. ಅದಕ್ಕಾಗಿ ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಎಂಬಾತ ಕುಕೀ ಎಂಬ ಚೀಟಿಯ ಪದ್ಧತಿಯನ್ನು ತಂದ. ಒಳಗೆ ಬಿಡುವಾಗ ಕೈಗೊಂದು ಚೀಟಿ. ಮುಂದೆ ಪ್ರತಿ ಸಲವೂ ಚೀಟಿಯನ್ನು ತೋರಿಸುವುದು. ಚೀಟಿಗೆ ಅವಧಿಯುಂಟು. ಅವಧಿ ಬಹಳ ದೀರ್ಘವಾದರೆ ಸೇವಾಕೇಂದ್ರದಲ್ಲಿ ನಿಮ್ಮ ನಂತರ ಅದೇ ಕುರ್ಚಿಯಲ್ಲಿ ಕುಳಿತವನು ನಿಮ್ಮ ಚೀಟಿಯಲ್ಲೇ ತಿರುಗಾಡಿಯಾನು. ತೀರ ಕಡಮೆಯಾದರೆ ನಮ್ಮಂಥ ಉಪಾಧ್ಯಾಯರ ಪಾಡು ಹೇಳತೀರದು. ಒಂದು ತಾಣ, ಅದರ ಹೆಸರು ಬೇಡ, ನಲವತ್ತು ಮಕ್ಕಳ ಅಂಕಗಳನ್ನು ತುಂಬಿ ಕಡೆಯ ಗುಂಡಿಯನ್ನು ಒತ್ತಿದೊಡನೆ ‘ಮತ್ತೆ ಲಾಗಿನ್ ಆಗಿ’ ಎಂದು ನನ್ನನ್ನು ಹೊರಕ್ಕೆ ದಬ್ಬಿ, ತುಂಬಿದ್ದನ್ನೆಲ್ಲ ಅಳಿಸಿಹಾಕಿತು. ಅದನ್ನು ಪರೀಕ್ಷಿಸಿದವನು ನಾಲ್ಕು ಮಕ್ಕಳ ಅಂಕಗಳನ್ನು ತುಂಬಿ ಎದ್ದು ಹೋಗಿರಬೇಕು.

ಅದಕ್ಕಿಂತ ಗಂಭೀರವಾದ ಇನ್ನೊಂದು ಲೋಪ ಇದೆ. ನೀವು ಯಾರು ಎಂಬುದು ಬೇರೆ, ನೀವು ಏನನ್ನು ನೋಡಬಹುದು ಎಂಬುದು ಬೇರೆ. ಹಾಸ್ಟೆಲಿನ ಹೆಬ್ಬಾಗಿಲಲ್ಲಿ ಹುಡುಗನ ಗುರುತನ್ನು ನೋಡಿ ಒಳಗೆ ಬಿಟ್ಟರು ಎಂದಮಾತ್ರಕ್ಕೆ ಅವನು ಯಾರ ಕೊಠಡಿಯ ಪೆಟ್ಟಿಗೆಯನ್ನಾದರೂ ತೆರೆಯಬಹುದೆ? ಕೆಲವು ತಾಣಗಳಲ್ಲಿ ನಿಮ್ಮ ಅರ್ಜಿಯ ಸಂಖ್ಯೆ ಮೇಲಿನ ವಿಳಾಸದಲ್ಲೇ ಕಾಣುತ್ತಿರುತ್ತದೆ. ಅದರಲ್ಲಿ ಒಂದಂಕಿಯನ್ನು ಬದಲಾಯಿಸಿದರೆ ಮುಂದಿನವರ ಅರ್ಜಿ, ಅವರ ಬ್ಯಾಂಕು ಖಾತೆಯ ಸಮೇತ, ಎದುರಿಗೆ ಬಂದು ನಿಲ್ಲುತ್ತದೆ. ರಾಮನು ತನ್ನ ಪುಟವನ್ನು ನೋಡಬಲ್ಲನೆ ಎಂದು ಪರೀಕ್ಷಿಸುವವರು ಎಲ್ಲ ಕಡೆಯೂ ಇದ್ದಾರೆ. ರಾಮನಾಗಿ ಒಳಹೊಕ್ಕು ಭೀಮನ ಪುಟವನ್ನು ಕೇಳಿ, ‘ಇಲ್ಲ’ ಎಂಬ ಉತ್ತರ ಬಂದಿತೆ ಎಂದು ನೋಡುವವರು ಕಡಮೆ. ಈ ‘ಇಲ್ಲ’ಗಳ ಪಟ್ಟಿ ‘ಹೌದು’ಗಳಿಗಿಂತ ಉದ್ದವಾಗಿರಬೇಕೆಂಬುದು ಈ ಕಸಬನ್ನು ಬಲ್ಲವರ ಮತ.

ಬೆರಳಚ್ಚಿನ ವಿಚಾರಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೆಲಸಕ್ಕೆ ಅದನ್ನು ಮೊದಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ‘ಭೂಮಿ’ ಯೋಜನೆಯಲ್ಲಿ. ಈ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರೆಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದುವು. ಆಗ ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಪ್ರತಿ ದೊರೆಯುತ್ತಿತ್ತು. ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳನ್ನು ಒತ್ತಿಯೇ ಒಳಗೆ ಹೋಗಬೇಕು. ಯಾರು ಯಾವಾಗ ಏನು ತಿದ್ದಿದರೆಂಬುದು ದಾಖಲಾಗಬೇಕು ಎಂಬ ವ್ಯವಸ್ಥೆ ಅದು. ಆಗ ಬೆರಳು ನೌಕರನದು. ಆಧಾರ್ ಬಂದ ಮೇಲೆ ಬೆರಳು ನಮ್ಮೆಲ್ಲರದೂ ಆಯಿತು.

ಇಲ್ಲಿಯೇ ಪರೀಕ್ಷೆಯ ದೋಷ ಬಡವನ ಹೊಟ್ಟೆಗೆ ತಾಗುವುದು. ಬೆರಳಚ್ಚಿನ ಯಂತ್ರವು ಎರಡು ಬಗೆಯಲ್ಲಿ ತಪ್ಪಬಲ್ಲುದು: ಬೇರೆಯವನನ್ನು ನೀವೆಂದು ಒಪ್ಪಿಕೊಳ್ಳಬಹುದು, ನಿಮ್ಮನ್ನು ನೀವಲ್ಲವೆಂದು ತಳ್ಳಿಹಾಕಬಹುದು. ಒಂದನ್ನು ಕಡಮೆ ಮಾಡಲು ಬಿಗಿ ಮಾಡಿದರೆ ಇನ್ನೊಂದು ಹೆಚ್ಚುತ್ತದೆ. ಕಚೇರಿಯ ಮೆತ್ತನೆಯ ಬೆರಳುಗಳ ಮೇಲೆ ಪರೀಕ್ಷಿಸಿ ಗೆದ್ದ ಯಂತ್ರವು ರಾಮನಾಥಪುರದ ಸುತ್ತಿನಲ್ಲಿ ಹೊಗೆಸೊಪ್ಪು ಕಿತ್ತು ಅಂಟು ಹಿಡಿದ ಬೆರಳಿಗೆ, ಚನ್ನರಾಯಪಟ್ಟಣದ ಸೀಮೆಯಲ್ಲಿ ಐವತ್ತು ವರ್ಷ ತೆಂಗಿನಕಾಯಿ ಸುಲಿದ ಬೆರಳಿಗೆ ಸೋಲುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ ಅಜ್ಜಿಯೊಬ್ಬಳು ಒಂದಾದ ಮೇಲೊಂದು ಹತ್ತು ಬೆರಳನ್ನೂ ಸೀರೆಯ ಸೆರಗಿಗೆ ಒರೆಸಿ ಒರೆಸಿ ಇಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣ್ಣಿನ ಪಾಪೆ, ಮುಖ, ಓಟಿಪಿ ಎಂಬ ಬೇರೆ ದಾರಿಗಳನ್ನೂ ಇಟ್ಟಿರುವುದು ಇದಕ್ಕಾಗಿಯೇ. ಆ ದಾರಿಗಳೂ ತೆರೆದಿವೆಯೇ ಎಂಬುದನ್ನು ಪರೀಕ್ಷಿಸತಕ್ಕದ್ದು.

ಮುದ್ರೆಯುಂಗುರದ ಕಥೆ ಬೆರಳಿಗೂ ತಪ್ಪಲಿಲ್ಲ. ೨೦೨೩ರಲ್ಲಿ ನಮ್ಮ ರಾಜ್ಯದಲ್ಲೇ, ನೋಂದಾಯಿತ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಅವುಗಳಿಂದ ಆಧಾರ್ ಮೂಲಕ ಬ್ಯಾಂಕಿನ ಹಣವನ್ನು ತೆಗೆದ ಪ್ರಕರಣಗಳು ಹೊರಬಿದ್ದುವು. ಆಮೇಲೆ ನೋಂದಣಿ ಇಲಾಖೆಯವರು ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡರು. ಪಾಸ್‌ವರ್ಡು ಕಳುವಾದರೆ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಹೆಬ್ಬೆರಳು ಕಳುವಾದರೆ ಇನ್ನೊಂದು ಹೆಬ್ಬೆರಳನ್ನು ಎಲ್ಲಿಂದ ತರುವುದು? ಆದುದರಿಂದಲೇ ಆಧಾರಿನ ತಾಣದಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕುವ ಸೌಕರ್ಯವನ್ನು ಇಟ್ಟಿದ್ದಾರೆ. ಬೇಕಾದಾಗ ತೆರೆದು, ಕೆಲಸವಾದ ಮೇಲೆ ಮುಚ್ಚಬಹುದು. ಮನೆಯಲ್ಲಿ ಮೊಬೈಲು ಬಲ್ಲ ಮಕ್ಕಳಿದ್ದರೆ ಅವರಿಂದ ಇಂದೇ ಮಾಡಿಸಿಕೊಳ್ಳಬಹುದಾದ ಕೆಲಸ ಇದು. ಪಡಿತರಕ್ಕೆ ಹೋಗುವ ದಿನ ಬೀಗ ತೆಗೆಯಲು ಮಾತ್ರ ಮರೆಯಬಾರದು.

ಗುರುತು ಸರಿಯಿದ್ದೂ ಉದ್ದೇಶ ಕೆಟ್ಟುದಾಗಿರುವುದುಂಟು. ೨೦೨೫ರ ಜನವರಿಯ ಸುಮಾರಿಗೆ ಆಸ್ತಿ ನೋಂದಣಿಯ ‘ಕಾವೇರಿ ೨.೦’ ತಾಣವು ನಿಂತುನಿಂತು ನಡೆಯಿತು. ನಕಲಿ ಖಾತೆಗಳನ್ನು ತೆರೆದು, ಋಣಭಾರ ಪತ್ರಗಳನ್ನು ಹುಡುಕುವ ನೆಪದಲ್ಲಿ ಯಂತ್ರಗಳಿಂದ ಲೆಕ್ಕವಿಲ್ಲದಷ್ಟು ಪ್ರಶ್ನೆಗಳನ್ನು ಸುರಿದದ್ದು ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಸರ್ವರ್ ಡೌನ್ ಎಂದು ನಾವು ಹಿಂತಿರುಗಿದ ದಿನಗಳವು.

ಇಷ್ಟನ್ನೂ ದಾಟಿದ ಮೇಲೆ ಉಳಿಯುವುದು ಹೆಸರು. ಕನ್ನಡ ಪಂಡಿತನಾದ ನನಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧಪಟ್ಟ ವಿಷಯ ಇದು. ೨೦೨೪ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಊರೂರಿನಲ್ಲಿ ನಡೆದಾಗ ಏನಾಯಿತೆಂದು ಓದುಗರು ಬಲ್ಲರು. ಪಹಣಿಯಲ್ಲಿ ‘ಕರೀಗೌಡ ಬಿನ್ ನಂಜೇಗೌಡ’. ಆಧಾರಿನಲ್ಲಿ ‘ಕರಿಗೌಡ ಎನ್’. ಪಹಣಿಯಲ್ಲಿ ‘ಪುಟ್ಟಮ್ಮ ಕೋಂ ಸಣ್ಣಯ್ಯ’, ಆಧಾರಿನಲ್ಲಿ ‘ಪುಟ್ಟಮ್ಮಣ್ಣಿ’. ಇನ್ನೆಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಿಲ್ಲ; ಅಜ್ಜನಿಗೆ ಹೆಬ್ಬೆರಳೂ ಇಲ್ಲ, ಓಟಿಪಿಯೂ ಇಲ್ಲ. ಊರಿನವರಿಗೆ ಇವರೆಲ್ಲ ಯಾರೆಂದು ಗೊತ್ತು. ಯಂತ್ರಕ್ಕೆ ದೀರ್ಘ ಹ್ರಸ್ವವಾದರೆ ಮನುಷ್ಯನೇ ಬೇರೆ. ಬೆಳೆ ಹಾನಿಯ ಪರಿಹಾರ ಆ ಒಂದು ಈಕಾರದಲ್ಲಿ ನಿಂತುಬಿಡಬಹುದು.

ಕಣ್ಣಿಗೆ ಕಾಣುವ ಭೇದವಾದರೂ ತಿದ್ದಿಕೊಳ್ಳಬಹುದು. ಕಾಣದ ಭೇದವೊಂದಿದೆ. ಯಂತ್ರದೊಳಗೆ ಅಕ್ಷರವೆಂದರೆ ಒಂದು ಸಂಖ್ಯೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟ ಯೂನಿಕೋಡ್ ಎಂಬ ಒಪ್ಪಂದದಲ್ಲಿ, ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಹಕಾರದ ಸಂಖ್ಯೆ ೩೨೫೭. ಅದಕ್ಕೆ ಒತ್ವವನ್ನು ಸೇರಿಸಿ ‘ಹೊ’ ಎಂದು ಬರೆಯಲು ೩೨೭೪ ಎಂಬ ಒಂದೇ ಸಂಖ್ಯೆಯನ್ನು ಬಳಸಬಹುದು. ಅಥವಾ ಎತ್ವದ ೩೨೭೦, ಊತ್ವದ ೩೨೬೬ ಎಂಬ ಎರಡನ್ನು ಒಟ್ಟಿಗೆ ಇಡಬಹುದು. ಎರಡು ಚಿಹ್ನೆಗಳು ಕೂಡಿ ಒತ್ವವಾಗುವುದು ನಮ್ಮ ಮಕ್ಕಳು ಕಾಗುಣಿತದಲ್ಲಿ ಬರೆಯುವ ರೀತಿಯೇ ಸರಿಯಷ್ಟೆ. ಯೂನಿಕೋಡಿನ ನಿಯಮದಂತೆ ಎರಡೂ ಸರಿ, ಪರದೆಯ ಮೇಲೆ ಎರಡೂ ಒಂದೇ. ಆದರೆ ಸಂಖ್ಯೆಯನ್ನು ಸಂಖ್ಯೆಗೆ ಹಿಡಿದು ನೋಡುವ ಬರೆವಣಿಗೆ ‘ಹೊಂದಿಕೆಯಿಲ್ಲ’ ಎನ್ನುತ್ತದೆ. ಏತ್ವ, ಈತ್ವಗಳಿಗೂ ಹೀಗೆಯೇ ಎರಡೆರಡು ರೂಪ. ಹ್ರಸ್ವಕ್ಕೆ ದೀರ್ಘದ ಕೊಂಬನ್ನು ಬೇರೆಯಾಗಿ ಹಚ್ಚಬಹುದು.

ನಮ್ಮ ನಾಲ್ಕು ಊರುಗಳನ್ನೇ ತೆಗೆದುಕೊಳ್ಳಿ. ಹಾಸನಕ್ಕೆ ಈ ಬಾಧೆಯಿಲ್ಲ. ಚನ್ನರಾಯಪಟ್ಟಣಕ್ಕೂ ಇಲ್ಲ, ‘ಚೆನ್ನ’ ಎಂದು ಬರೆಯುವವರು ಇದ್ದಾರೆ, ಅದು ಕಣ್ಣಿಗೆ ಕಾಣುವ ಭೇದ. ಅರಕಲಗೂಡನ್ನು, ಅರ್ಕೇಶ್ವರನ ಊರೆಂಬ ಅಭಿಮಾನದಿಂದ, ‘ಅರ್ಕಲಗೂಡು’ ಎಂದು ಬರೆದರೆ ಅರ್ಕಾವೊತ್ತಿನ ತಕರಾರು ಬರುತ್ತದೆ: ರೇಫವನ್ನು ಹಿಂದೆ ಹಾಕುವುದೋ ಮುಂದೆ ನಿಲ್ಲಿಸುವುದೋ ಎಂಬುದಕ್ಕೆ ಕಣ್ಣಿಗೆ ಕಾಣದ ಒಂದು ಚಿಹ್ನೆ ನಡುವೆ ಸೇರುವುದುಂಟು. ಎಲ್ಲಕ್ಕೂ ಮಿಗಿಲು ಹೊಳೆನರಸೀಪುರ. ‘ಹೊಳೆ’ ಎನ್ನುವವರು, ‘ಹೊಳೇ’ ಎನ್ನುವವರು. ‘ಸೀಪುರ’ ಎನ್ನುವವರು, ‘ಸಿಪುರ’ ಎನ್ನುವವರು. ಹೀಗೆ ಬರೆಹದಲ್ಲಿ ನಾಲ್ಕು ರೂಪ. ಅವುಗಳ ಒಳಸಂಖ್ಯೆಗಳ ಭೇದವನ್ನೂ ಲೆಕ್ಕ ಹಾಕಿದರೆ ಕ್ರಮವಾಗಿ ನಾಲ್ಕು, ಎರಡು, ಎಂಟು, ನಾಲ್ಕು, ಒಟ್ಟು ಹದಿನೆಂಟು. ಹೇಮಾವತಿಯ ದಡದ ಒಂದು ಊರಿಗೆ ಭಾರತದ ಪರ್ವಗಳಷ್ಟು ರೂಪ!

ಇದಕ್ಕೆ ಪರಿಹಾರ ಸುಲಭವಾದುದೇ. ಹೋಲಿಸುವ ಮೊದಲು ಎರಡು ಕಡೆಯ ಬರೆಹವನ್ನೂ ಏಕರೂಪಕ್ಕೆ ತರುವ ವಿಧಾನವನ್ನು ಯೂನಿಕೋಡಿನವರೇ ಕೊಟ್ಟಿದ್ದಾರೆ. ಅದನ್ನು ಅನ್ವಯಿಸಿದರೆ ಹದಿನೆಂಟು ನಾಲ್ಕಕ್ಕೆ ಇಳಿಯುತ್ತದೆ. ಪಾಸ್‌ವರ್ಡನ್ನು ಕನ್ನಡದಲ್ಲಿ ಇಟ್ಟುಕೊಳ್ಳಲು ಬಿಡುವ ತಾಣಗಳಂತೂ ಬೀಸುವ ಮೊದಲೇ ಇದನ್ನು ಮಾಡತಕ್ಕದ್ದು. ಇಲ್ಲವಾದರೆ ಒಂದು ಮೊಬೈಲಿನಲ್ಲಿ ಇಟ್ಟ ಮಾತು ಇನ್ನೊಂದರಲ್ಲಿ ನಡೆಯದೆ ಹೋದೀತು. ಉಳಿದ ನಾಲ್ಕು ರೂಪಗಳ ವಿಚಾರದಲ್ಲಿ ಯಂತ್ರವು ತಾನೇ ತೀರ್ಮಾನಿಸದೆ, ‘ಹತ್ತಿರದ ಹೆಸರು’ ಎಂದು ಗುರುತುಹಾಕಿ ಒಬ್ಬ ಮನುಷ್ಯನ ಮುಂದೆ ಇಡುವುದು ಲೇಸು. ಹತ್ತಿರವೆಂದು ತಾನೇ ಒಪ್ಪಿಕೊಂಡರೆ ಕರೀಗೌಡನ ಜಮೀನು ಪಕ್ಕದ ಕರಿಯೇಗೌಡನಿಗೆ ಹೋದೀತು.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಾನು ಆ ಹಳೆಯ ವಿದ್ಯಾರ್ಥಿಗೆ ಕೊಟ್ಟೆ. ಅವನು ಹದಿನೆಂಟನ್ನೂ ತನ್ನ ಪರೀಕ್ಷೆಯ ಪಟ್ಟಿಗೆ ಸೇರಿಸಿಕೊಂಡ. ಇಬ್ಬರು ಕರಿಯೇಗೌಡರನ್ನೂ, ತೀರಿಕೊಂಡ ಒಬ್ಬ ಅಜ್ಜನನ್ನೂ, ಜನವರಿ ಒಂದರಂದೇ ಹುಟ್ಟಿದ ಮೂವರನ್ನೂ ಸೇರಿಸಿದ. ಹುಟ್ಟಿದ ದಿನ ತಿಳಿಯದವರಿಗೆಲ್ಲ ಅದೇ ತಾರೀಖು ಬಿದ್ದಿರುವುದನ್ನು ಊರಿನವನಾದ ಅವನು ಬಲ್ಲ. ನಿಜವಾದವರ ವಿವರವನ್ನು ಮಾತ್ರ ಒಂದನ್ನೂ ಹಾಕಲಿಲ್ಲ. ಪರೀಕ್ಷೆಯ ಪಟ್ಟಿ ನೂರು ಕೈ ಓಡಾಡುತ್ತದೆ, ಅಲ್ಲಿ ನಿಜವಾದ ಖಾತೆಯ ಸಂಖ್ಯೆ ಇರಕೂಡದು ಎಂದ.

ಶಾಲೆಗೆ ಮಗುವನ್ನು ಸೇರಿಸಲು ಬರುವ ತಂದೆತಾಯಿಗಳಿಗೆ ನಾನು ಈಗ ಒಂದು ಮಾತು ಹೇಳುತ್ತಿದ್ದೇನೆ. ಜನನ ಪ್ರಮಾಣಪತ್ರ, ಆಧಾರ್, ದಾಖಲಾತಿ ಪುಸ್ತಕ ಈ ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು, ಮಗುವಿನ ಹೆಸರಿನ ಒಂದೊಂದು ಅಕ್ಷರವನ್ನೂ, ಇಂಗ್ಲಿಷಿನ ರೂಪವನ್ನೂ, ತಂದೆಯ ಹೆಸರಿನ ಮೊದಲಕ್ಷರ ಹಿಂದೆ ಇದೆಯೋ ಮುಂದೆ ಇದೆಯೋ ಎಂಬುದನ್ನೂ ನೀವೇ ಬೆರಳಿಟ್ಟು ಓದಿ ನೋಡಿ. ಭೇದ ಕಂಡರೆ ಮಗು ಹತ್ತನೆಯ ತರಗತಿಗೆ ಬರುವುದರೊಳಗೆ ತಿದ್ದಿಸಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದುಪಡಿಗೆ ಅಲೆಯಬೇಕಾದ ಕಚೇರಿಗಳು ಹೆಚ್ಚು.